ಬಾಯ್ಲರ್ ಎದ್ದು ಕೂರುವ ದಿನ

ನಾಳೆ ಬರಬೇಡಿ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ ಅವನು ಲಾರಿಯೊಂದರ ಟಾರ್ಪಾಲಿಗೆ ಅಂಚು ಹೊಲಿಯುತ್ತ ನೆಲದ ಮೇಲೆ ಕೂತಿದ್ದ. ಸೂಜಿ ಒತ್ತಲು ಅಂಗೈಗೆ ಕಟ್ಟಿಕೊಂಡಿದ್ದ ಚರ್ಮದ ಪಟ್ಟಿಯನ್ನು ಬಿಚ್ಚದೆಯೇ ಫೋನು ಎತ್ತಿಕೊಂಡಿದ್ದರಿಂದ ಅದು ಮತ್ತೆ ಮತ್ತೆ ಜಾರುತ್ತಿತ್ತು. “ಯಾಕತ್ತಿಗೆ, ಏನಾಯ್ತು?” “ಏನಿಲ್ಲ. ಇವತ್ತು ಸಾಯಂಕಾಲ ಆಸ್ಪತ್ರೆಗೆ ಸೇರಿಸ್ತಿದೀವಿ. ಗಾಡಿ ಕಳಿಸ್ತಾರಂತೆ. ಸಣ್ಣ ಆಪರೇಷನ್ನು. ನಿಮಗೆ ಹೇಳ್ಬೇಡ ಅಂದಿದಾರೆ, ಆದ್ರೆ ನಾಳೆ ನೀವು ಅಷ್ಟು ದೂರದಿಂದ ಬಂದು ಬೀಗ ನೋಡ್ಕೊಂಡು ಹೋಗ್ಬೇಕಾಗುತ್ತಲ್ಲ.” ಸಣ್ಣ ಎನ್ನುವ ಮಾತನ್ನು ಅವಳು ಮಗುವಿಗೆ ಔಷಧಿ ಕುಡಿಸುವವರಂತೆ ಬೇಗ ನುಂಗಿಸಿಬಿಟ್ಟಿದ್ದಳು. ಏನು ಆಪರೇಷನ್, ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಹಿಂದಿನಿಂದ ಅವಳ ಗಂಡನ, ಹಡಗಿನ ದಿನಗಳಿಂದಲೂ ಬಾಯ್ಲರ್ ಎಂದೇ ಹೆಸರಾಗಿದ್ದ ಗೆಳೆಯನ ದನಿ ಕೇಳಿಸಿತು, “ಯಾರೇ ಅದು?” “ಹಾಲಿನವ್ನು,” ಎಂದಳು ಅತ್ತಿಗೆ. ಫೋನು ಕಟ್ಟಾಯಿತು. ಹಾಲಿನವನಾದವನು ಫೋನನ್ನು ತೊಡೆಯ ಮೇಲಿಟ್ಟುಕೊಂಡ. ಮೇಣ ಸವರಿದ ದಾರ ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ಎಷ್ಟೋ ವರ್ಷಗಳಿಂದ ಬಾಯ್ಲರ್‌ಗೆ ಹೇಳಬೇಕಾಗಿದ್ದ ಒಂದು ಮಾತು ಅವನೊಳಗೆ ಉಳಿದುಬಿಟ್ಟಿತ್ತು. ಪ್ರತಿ ರಜೆಯ ದಿನ ಅದನ್ನು ಹೇಳಿಯೇ ಬಿಡುತ್ತೇನೆಂದು ಹೋಗುತ್ತಿದ್ದ, ಕತ್ತಲಾಗುವವರೆಗೂ ಕೂತು ಇಸ್ಪೀಟಾಡಿ ಬಂದುಬಿಡುತ್ತಿದ್ದ. ಮುಂದಿನ ವಾರ ಎನ್ನುವುದೊಂದು ಯಾವಾಗಲೂ ಇತ್ತು. ಈಗ ಅದು ಇಲ್ಲದಿರಬಹುದು ಎನ್ನಿಸಿದಾಗ ಹೊಲಿಗೆಯನ್ನು ಅಲ್ಲೇ ಬಿಟ್ಟು ಎದ್ದ. ಇವತ್ತೇ ಹೋಗಬೇಕು, ಗಾಡಿ ಬರುವುದರೊಳಗೆ.

ಯಜಮಾನರ ಹತ್ತಿರ ಅರ್ಧ ದಿನ ರಜ ಕೇಳಲು ಹೋದಾಗ ಅಲ್ಲಿ ಲಾರಿಯ ಮಾಲೀಕನೊಬ್ಬ ಕೂತಿದ್ದ. ಯಜಮಾನರು ರಜದ ಮಾತನ್ನು ಕಿವಿಗೇ ಹಾಕಿಕೊಳ್ಳದೆ, “ಇವ್ರೇ ನೋಡಿ ನಾನು ಹೇಳಿದ್ದು, ನಮ್ಮ ಪದಕ,” ಎಂದು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಬೆಲೆಪಟ್ಟಿಯ ಪಕ್ಕದಲ್ಲಿ ನೌಕಾಪಡೆಯ ಸಮವಸ್ತ್ರದಲ್ಲಿದ್ದ ಅವನ ಹಳೆಯ ಫೋಟೋ, ಎದೆಯ ಮೇಲೆ ಪದಕ. ಹತ್ತಿರದಿಂದ ನೋಡಿದರೆ ಆ ಫೋಟೋದಲ್ಲಿ ಅವನು ಸೀನು ಬರುವುದನ್ನು ತಡೆದುಕೊಂಡವನಂತೆ ಕಾಣುತ್ತಿದ್ದ. ಯಜಮಾನರು ಆ ದಿನದ ಕಥೆ ಶುರುಮಾಡಿದರು, ಎಂದಿನಂತೆ ತಪ್ಪು ತಪ್ಪಾಗಿ, ಎಂದಿನಂತೆ ಅವನು ಹೊತ್ತು ತಂದ ಇಬ್ಬರು ಗಾಯಾಳುಗಳನ್ನು ಐದು ಮಂದಿ ಮಾಡಿ. “ಹಡಗಿನೋರಿಗೆ ನೆಲದ ಮೇಲಿನ ಯುದ್ಧಕ್ಕೆ ಪದಕಾನಾ?” ಎಂದ ಲಾರಿಯವನು. “ಮೀನು ಮರ ಹತ್ತಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಯ್ತಲ್ಲ ಸ್ವಾಮಿ!” ಹೊಲಿಯುತ್ತಿದ್ದವರೆಲ್ಲ ನಕ್ಕರು. ಅವನೂ ನಕ್ಕ, ನಗದಿದ್ದರೆ ಹೆಮ್ಮೆ ಎಂದುಕೊಳ್ಳುತ್ತಾರೆ ಎನ್ನುವ ಭಯ ಅವನಿಗೆ ಮೊದಲಿನಿಂದಲೂ ಇತ್ತು. ನಗುತ್ತಲೇ ರಜದ ಮಾತನ್ನು ಇನ್ನೊಮ್ಮೆ ಹೇಳಿದ. “ಹೋಗಪ್ಪ ಹೋಗು, ನಿನ್ನ ತಡೆಯೋಕೆ ಶತ್ರುಗಳಿಂದಾನೇ ಆಗ್ಲಿಲ್ಲ, ನನ್ನಿಂದಾಗುತ್ತಾ,” ಎಂದರು ಯಜಮಾನರು. ಮತ್ತೊಮ್ಮೆ ನಗು ಬಂತು. ಅವನು ಅಂಗೈಯ ಪಟ್ಟಿಯನ್ನು ಬಿಚ್ಚಿ ಮೊಳೆಗೆ ಹಾಕುವಾಗ, ಲಾರಿಯವನು ಹೇಳಿದ್ದೇ ಸರಿ ಎನ್ನಿಸಿತು. ಮೀನಿಗೆ ಮರ ಹತ್ತಲು ಬರುವುದಿಲ್ಲ. ಅದು ಹತ್ತಿದ ರೀತಿಯೂ ಮೀನಿನದೇ ಆಗಿರುತ್ತದೆ.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಇದ್ದ. ಮುಂದಿನ ಸೀಟಿನಲ್ಲಿ ಒಬ್ಬಳು ತಾಯಿ, ಅವಳ ಹೆಗಲ ಮೇಲೆ ನಿದ್ದೆಹೋದ ಮಗು. ಗಾಡಿ ಹಳ್ಳಕ್ಕೆ ಇಳಿದು ಏಳುವಾಗಲೆಲ್ಲ ಮಗುವಿನ ತಲೆ ಅವಳ ಬೆನ್ನಿನ ಮೇಲೆ ಅತ್ತಿತ್ತ ಹೊರಳುತ್ತಿತ್ತು, ಪುಟ್ಟ ಕೈಗಳು ಯಾರದೋ ಕೈಗಳಂತೆ ಜೋತುಬಿದ್ದಿದ್ದವು. ನೋಡಬಾರದೆಂದುಕೊಂಡು ಕಿಟಕಿಯಾಚೆ ನೋಡಿದ. ಅಂಗಡಿ, ಅಂಗಡಿ, ಪೆಟ್ರೋಲು ಬಂಕು, ಒಣಹಾಕಿದ ಬಟ್ಟೆ. ಹಡಗಿನ ಹೊಟ್ಟೆಯೊಳಗಿನ ಏಣಿಗಳು ಗೋಡೆಯಷ್ಟೇ ನೆಟ್ಟಗೆ ಇರುತ್ತಿದ್ದವು, ಬಾಗಿಲುಗಳು ಒಬ್ಬ ಮನುಷ್ಯ ತೂರುವಷ್ಟೇ ಅಗಲ. ಬಾಯ್ಲರ್ ಕೋಣೆಯಲ್ಲಿ ಯಾರಾದರೂ ಬಿದ್ದರೆ ಅಲ್ಲಿಂದ ಮೇಲಕ್ಕೆ ತರಲು ಇರುವುದು ಒಂದೇ ದಾರಿ: ಅವನನ್ನು ಚೀಲದಂತೆ ಮಡಚಿ ಹೆಗಲಿಗೆ ಹಾಕಿಕೊಂಡು, ಅವನ ಎರಡೂ ತೊಡೆಗಳನ್ನು ಒಂದೇ ಕೈಯಲ್ಲಿ ತಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ಏಣಿ ಹತ್ತುವುದು. ವಾರಕ್ಕೊಂದು ಸಲ ಅದರ ಅಭ್ಯಾಸ. ಆ ಕೋಣೆಯಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ, ಅದರ ಹೆಸರನ್ನೇ ಹೊತ್ತುಕೊಂಡಿದ್ದ ಬಾಯ್ಲರ್ ಯಾವಾಗಲೂ ಗಾಯಾಳುವಿನ ಪಾತ್ರಕ್ಕೆ ಮೊದಲೇ ಕೈ ಎತ್ತುತ್ತಿದ್ದ, ಹತ್ತುವ ಶ್ರಮವಿಲ್ಲವಲ್ಲ ಎಂದು. ಹೆಗಲ ಮೇಲೆ ತಲೆಕೆಳಗಾಗಿ ನೇತಾಡುತ್ತ, “ಅಯ್ಯೋ ಅಮ್ಮಾ, ಈ ಕೊಕ್ಕರೆ ನನ್ನ ಸಾಯಿಸ್ತಾನೆ, ಅಧಿಕಾರಿಗಳೇ, ಬೇರೆಯವ್ರನ್ನ ಕೊಡಿ,” ಎಂದು ಕೂಗುತ್ತಿದ್ದ. ಉದ್ದ ಕಾಲಿನ ಅವನಿಗೆ ಹಡಗಿನಲ್ಲಿದ್ದ ಹೆಸರು ಕೊಕ್ಕರೆ. ಆ ಹೆಸರಿನಿಂದ ಕರೆಯುವ ಮನುಷ್ಯ ಲೋಕದಲ್ಲಿ ಈಗ ಒಬ್ಬನೇ ಉಳಿದಿದ್ದ.

ಯುದ್ಧದಲ್ಲಿ ಬಂದರಿನ ಊರೊಂದು ಕೈಬಿಟ್ಟು ಹೋಗುತ್ತಿದ್ದ ಆ ಬೆಳಿಗ್ಗೆ ಹಡಗಿನವರಿಗೆಲ್ಲ ಬಂದೂಕು ಕೊಟ್ಟು ದಡಕ್ಕಿಳಿಸಿದ್ದರು. ಕೊನೆಯ ದೋಣಿಗಳು ತುಂಬಿ ಹೊರಡುವವರೆಗೆ ಬಂದರಿನ ಮುಂದಿನ ಚೌಕವನ್ನು ಹಿಡಿದು ನಿಲ್ಲಬೇಕಿತ್ತು. ಬಿಳಿಯ ಸಮವಸ್ತ್ರ ದೂರಕ್ಕೆ ಕಾಣುತ್ತದೆಂದು ಹಿಂದಿನ ಸಂಜೆ ಎಲ್ಲರೂ ಬಟ್ಟೆಗಳನ್ನು ಚಹಾದ ಹಂಡೆಯಲ್ಲಿ ಅದ್ದಿದ್ದರು. ಅದು ಮಣ್ಣಿನ ಬಣ್ಣಕ್ಕೆ ಬರುವ ಬದಲು ಕಾಮಾಲೆಯ ಬಣ್ಣಕ್ಕೆ ಬಂದು, ಬಾಯ್ಲರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಚೌಕ ಎಷ್ಟು ಅಗಲವಿತ್ತೆಂದರೆ ಅದಕ್ಕೆ ಕಾಲಿಟ್ಟ ಕೂಡಲೇ ಅವನಿಗೆ ತಲೆ ತಿರುಗಿತ್ತು. ಗೋಡೆಗಳಿಲ್ಲದ ಜಾಗದಲ್ಲಿ ಹೇಗೆ ಓಡಬೇಕು, ಎಲ್ಲಿ ಮಲಗಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಗಾಯಾಳುವನ್ನು ಅವನು ಹೊತ್ತು ತಂದ, ಆ ಮನುಷ್ಯ ದೋಣಿಯಲ್ಲಿ ಸತ್ತ. ಎರಡನೆಯವನು ಬಾಯ್ಲರ್. ಚೌಕದ ಆಚೆ ಬದಿಯಲ್ಲಿ ಬೆನ್ನು ಕೆಳಗಾಗಿ ಬಿದ್ದಿದ್ದ, ಕಾಲಿನಿಂದ ಧೂಳನ್ನು ಒದೆಯುತ್ತಿದ್ದ. ಒದೆಯುತ್ತಿದ್ದ ಎನ್ನುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಎಡಗಾಲಿನ ಹಿಮ್ಮಡಿ ಮಣ್ಣಿನಲ್ಲಿ ಸಣ್ಣದೊಂದು ಗುಳಿ ಮಾಡಿತ್ತು. ಅವನ ಪಕ್ಕದಲ್ಲೇ, ಯಾವುದೋ ಮನೆಯಿಂದ ಕಿತ್ತುಬಂದ ಹಸಿರು ಬಣ್ಣದ ಬಾಗಿಲೊಂದು ನೆಲಕ್ಕೆ ಬಿದ್ದಿತ್ತು. ಒಬ್ಬ ಮನುಷ್ಯ ಮಲಗುವಷ್ಟೇ ಉದ್ದ, ಮಲಗುವಷ್ಟೇ ಅಗಲ, ಎಳೆಯಲು ಹಿಡಿಕೆ ಕೂಡ ಇತ್ತು. ಅವನು ಅದರ ಮೇಲೆಯೇ ಕಾಲಿಟ್ಟು ನಿಂತು ಬಾಯ್ಲರ್‌ನನ್ನು ಮಡಚಿ ಹೆಗಲಿಗೆ ಹಾಕಿಕೊಂಡ. ಬಾಯ್ಲರ್ ಒಂದು ಸಲ ಕೂಗಿದ. ಅಭ್ಯಾಸದ ದಿನಗಳ ಕೂಗಿಗಿಂತ ಬಹಳ ಚಿಕ್ಕ ಕೂಗು. ಆಮೇಲೆ ಅವನ ಕಾಲುಗಳು ಎದೆಗೆ ಬಡಿಯುತ್ತಿದ್ದವು, ಆದರೆ ಅದು ಓಟದ ಬಡಿತ, ಕಾಲುಗಳದ್ದಲ್ಲ.

ಇದರ ಅರ್ಥ ಅವನಿಗೆ ಆಗ ಹೊಳೆದೇ ಇರಲಿಲ್ಲ. ಪದಕ ಕೊಡುವಾಗ ಒಬ್ಬ ದೊಡ್ಡ ಅಧಿಕಾರಿ ಮೈಕಿನಲ್ಲಿ, ಪ್ರಾಣದ ಹಂಗು ತೊರೆದು, ಎಂದು ಓದಿದ್ದ. ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿನಲ್ಲಿದ್ದ ಬಾಯ್ಲರ್ ಎಲ್ಲರೂ ಚಪ್ಪಾಳೆ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದ. ಗುಂಡು ಬೆನ್ನಿಗೆ ಬಿತ್ತು, ಕಾಲಿನ ಸ್ವಾಧೀನ ಹೋಯಿತು, ಜೀವ ಉಳಿಯಿತು ಎಂದು ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಎಷ್ಟೋ ವರ್ಷದ ಮೇಲೆ ಯಜಮಾನರು ಅವನನ್ನು ಸಂಜೆಯ ಪ್ರಥಮ ಚಿಕಿತ್ಸೆಯ ತರಗತಿಗೆ ಕಳಿಸಿದರು. ಮಕ್ಕಳ ಶಾಲೆಯ ಕೋಣೆ, ಮೊಣಕಾಲು ಹಿಡಿಸದ ಪುಟ್ಟ ಬೆಂಚುಗಳು. ನಿವೃತ್ತ ನರ್ಸಮ್ಮ ಒಬ್ಬರು ಪಾಠ ಮಾಡುತ್ತಿದ್ದರು. ಯಾರೋ ಪದಕದ ವಿಷಯ ಹೇಳಿಬಿಟ್ಟರು. “ಓಹೋ, ಹಾಗಾದ್ರೆ ಬನ್ನಿ, ಹೇಗೆ ಹೊತ್ರಿ ತೋರ್ಸಿ,” ಎಂದರು ಆಕೆ. ಅವನು ಪಕ್ಕದ ಬೆಂಚಿನವನನ್ನು ಮಡಚಿ ಹೆಗಲಿಗೇರಿಸಿ ಕೋಣೆಯ ಉದ್ದಕ್ಕೂ ನಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. “ಹೊಗೆ ತುಂಬಿದ ಕಡೆಗೆ ಇದು ಸರಿ,” ಎಂದರು ನರ್ಸಮ್ಮ. “ಆದ್ರೆ ಬೆನ್ನಿಗೆ ಏಟು ಬಿದ್ದೋನನ್ನ ಮಾತ್ರ ಹೀಗೆ ಎತ್ತೀರ ಜೋಕೆ. ಕಾಲು ಆಡ್ತಿದ್ರೂ ನೀವು ಎತ್ತಿದ ಕೂಡ್ಲೇ ಹೋಗ್ಬಿಡುತ್ತೆ. ಹಲಗೆಯೋ ಬಾಗಿಲೋ ಏನಾದ್ರೂ ಸಿಗುತ್ತೆ, ಹುಡುಕ್ಬೇಕು.” ಹೆಗಲ ಮೇಲಿದ್ದವನು, “ಹಂಗಾದ್ರೆ ನನ್ನ ಬೇಗ ಇಳ್ಸಪ್ಪಾ,” ಎಂದ. ಕೋಣೆಯೆಲ್ಲ ನಗು. ಅವನಿಗೆ ಇಳಿಸಲು ಕೈಯೇ ಬರಲಿಲ್ಲ. ಎಲ್ಲರೂ ಅದನ್ನೂ ತಮಾಷೆ ಎಂದುಕೊಂಡರು.

ಬಾಯ್ಲರ್‌ಗೆ ಹೇಳಬೇಕಾದ ಮಾತು ಅದು. ಹೇಳಿದರೆ ಏನಾಗುತ್ತದೆ ಎಂದು ಅವನು ಯೋಚಿಸದ ರೀತಿಯಿಲ್ಲ. ಬಾಯ್ಲರ್ ಮುಖದ ಮೇಲೆ ಉಗಿಯಬಹುದು, ಆಗ ಎಷ್ಟು ಹಗುರವಾಗುತ್ತದೆ ಎಂದುಕೊಳ್ಳುತ್ತಿದ್ದ. ಮರುಕ್ಷಣವೇ, ಹಗುರವಾಗುವುದು ಯಾರಿಗೆ, ನಿನಗೆ ತಾನೇ ಎಂದು ತನ್ನನ್ನೇ ಹಿಡಿದು ಕೇಳುತ್ತಿದ್ದ. ಹೇಳದಿರುವುದು ಮೋಸ, ಹೇಳುವುದು ಸ್ವಾರ್ಥ. ಈ ಎರಡರ ನಡುವೆ ಇಸ್ಪೀಟಿನ ಎಲೆ ಹಾಕುತ್ತ, ಇನ್ನೊಂದಾಟ, ಇನ್ನೊಂದಾಟ ಎಂದು ಅವನು ಕೂತುಬಿಡುತ್ತಿದ್ದ. ಬಾಯ್ಲರ್ ಒಂದು ದಿನವೂ ಹೊರಡು ಎಂದವನಲ್ಲ. ಇಸ್ತ್ರಿ ಮಾಡಿದ ಅಂಗಿ, ಪಾಲಿಷ್ ಮಾಡಿದ ಬೂಟು ಹಾಕಿಕೊಂಡು, ನೆಟ್ಟಗೆ ಕೂತು, ಮೋಸದ ಆಟವಾಡಿ ಗೆಲ್ಲುತ್ತಿದ್ದ.

ಅತ್ತಿಗೆ ಬಾಗಿಲು ತೆರೆದವಳು ದಾರಿ ಬಿಡಲಿಲ್ಲ. ಬೇಕರಿಯ ಕೆಲಸದ ಏಪ್ರನ್ ಇನ್ನೂ ಮೈಮೇಲಿತ್ತು, ಕೈಯಲ್ಲಿ ಮಡಚಿದ ಟವೆಲ್ಲು. ಹಿಂದೆ ಕುರ್ಚಿಯ ಮೇಲೆ ಆಸ್ಪತ್ರೆಗೆ ಒಯ್ಯುವ ಚೀಲ ಬಾಯಿ ತೆರೆದುಕೊಂಡಿತ್ತು. ಮನೆಯಲ್ಲಿ ಡೆಟ್ಟಾಲಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಸಿಹಿಯಾಗಿ ಕೊಳೆತದ್ದು. ರಜೆಯ ದಿನಗಳಲ್ಲಿ ಈ ಮನೆಯಲ್ಲಿ ಎಂದೂ ಇಲ್ಲದ ವಾಸನೆ. “ಬರ್ಬೇಡಿ ಅಂದೆನಲ್ಲ,” ಎಂದಳು, ತಗ್ಗಿದ ದನಿಯಲ್ಲಿ.

“ಒಂದೇ ಒಂದು ಮಾತು ಹೇಳೋದಿದೆ ಅತ್ತಿಗೆ. ಹೇಳಿ ಹೊರಟುಬಿಡ್ತೀನಿ.”

“ನಿಮ್ಮ ಒಂದು ಮಾತು ನನಗೆ ಗೊತ್ತಿಲ್ವಾ? ಕತ್ತಲಾದ್ರೂ ಮುಗಿಯಲ್ಲ.” ಅವಳು ಅವನನ್ನು ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. “ನೋಡಿ, ಈಗ ನೀವು ಒಳಗೆ ಹೋದ್ರೆ ಅವ್ರು ಎದ್ದು ಕೂರ್ತಾರೆ. ಕೂರಬಾರ್ದು. ಬೆನ್ನಿನ ಕೆಳಗೆ ಹುಣ್ಣಾಗಿದೆ. ಹುಣ್ಣು ಅಂದ್ರೆ ನಿಮ್ಮ ಮುಷ್ಟಿ ಹೋಗುತ್ತೆ ಒಳಗೆ. ಮೂಳೆ ಕಾಣುತ್ತೆ. ನಂಜು ರಕ್ತಕ್ಕೆ ಸೇರಿದೆಯಂತೆ.”

“ಯಾವಾಗಿಂದ?”

“ಎರಡು ವರ್ಷ ಆಯ್ತು. ಕೂರಿಸ್ಬೇಡಿ, ಬೋರಲು ಮಲಗ್ಸಿ, ವಾಸಿಯಾಗುತ್ತೆ ಅಂತ ಡಾಕ್ಟ್ರು ಬಡ್ಕೋತಾನೇ ಇದಾರೆ. ವಾರವೆಲ್ಲ ಮಲಗ್ತಾರೆ, ಮಗು ಥರ. ನೀವು ಬರೋ ದಿನ ಬೆಳಿಗ್ಗೆ ಎದ್ದ ಕೂಡ್ಲೇ ಶುರು. ಬೂಟ್ ಹಾಕು, ಅಂಗಿ ತಾ, ಕೂರ್ಸು. ಬೇರೆ ಯಾರಾದ್ರೂ ಬಂದ್ರೆ ಮಲಗೇ ಮಾತಾಡ್ತಾರೆ, ನಮ್ಮಣ್ಣ ಬಂದ್ರೂ ಅಷ್ಟೇ. ನಿಮಗೆ ಮಾತ್ರ ಕೂರ್ಬೇಕು. ನೀವು ಕೆಳಗಿಳಿದು ಹೋಗಿ, ರಸ್ತೆ ದಾಟಿದ್ರಾ ಅಂತ ನಾನು ಕಿಟಕಿಯಿಂದ ನೋಡಿ ಹೇಳೋವರೆಗೂ ಹಾಗೇ ಕೂತಿರ್ತಾರೆ. ಆಮೇಲೆ ಬಟ್ಟೆ ಬಿಚ್ಚಿದ್ರೆ ಚರ್ಮಾನೂ ಅದರ ಜೊತೆ ಬರುತ್ತೆ.” ಅವಳು ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು. “ನಾನು ಜಗಳ ಆಡಿದೀನಿ. ಯಾರು ಅವನು, ನಿಮ್ಮ ಅಧಿಕಾರೀನಾ ಅಂತ. ಅವರಂತಾರೆ, ಅವನು ಅವತ್ತು ಹೊತ್ಕೊಂಡು ಬಂದಿದ್ದು ಹೆಣಾನಲ್ಲ ಅಂತ ಅವನ ಕಣ್ಣಿಗೆ ಕಾಣ್ಬೇಕು ಕಣೇ, ಅಂತ.”

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನಿಗೆ ಮೊದಲು ಬಂದದ್ದು ದುಃಖವೂ ಅಲ್ಲ, ಒಂದು ಬಗೆಯ ನಾಚಿಕೆ, ಯಾರದೋ ಮನೆಯಲ್ಲಿ ಗೊತ್ತಿಲ್ಲದೆ ಕೊನೆಯ ತುತ್ತನ್ನೂ ಉಂಡು ಎದ್ದವನ ನಾಚಿಕೆ. ಹೇಳಲಾರದೆ ಕೂತ ಸಂಜೆಗಳೆಲ್ಲ ಸಾಲಾಗಿ ಕಣ್ಣಮುಂದೆ ಬಂದವು. ಈಗ ಹೇಳುತ್ತೇನೆ, ಈ ಆಟ ಮುಗಿಯಲಿ, ಈ ಚಹಾ ಮುಗಿಯಲಿ ಎಂದು ತನ್ನ ಹೇಡಿತನವನ್ನು ಪಳಗಿಸುತ್ತ ಕೂತ ಒಂದೊಂದು ಗಳಿಗೆಯೂ ಎದುರಿನ ಕುರ್ಚಿಯಲ್ಲಿ ಮಾಂಸಕ್ಕೆ ಇಳಿಯುತ್ತಿತ್ತು. ಬಾಯ್ಲರ್‌ನ ಹಣೆಯಲ್ಲಿ ಬೆವರಿರುತ್ತಿತ್ತು, ಸೆಕೆಯೆಂದುಕೊಂಡು ತಾನೇ ಎದ್ದು ಹೋಗಿ ಅವನಿಗೆ ಫ್ಯಾನು ಹಾಕಿಕೊಡುತ್ತಿದ್ದ. ಮೊದಲಿನ ತಪ್ಪು ಗುಂಡಿನ ಸದ್ದಿನಲ್ಲಿ ಆದದ್ದು, ಅದಕ್ಕೊಂದು ಗಾಬರಿಯಾದರೂ ಇತ್ತು. ಇದು ಮಾತ್ರ ತಣ್ಣಗೆ, ಬಿಸ್ಕತ್ತು ಮುರಿದುಕೊಂಡು ತಿನ್ನುತ್ತ, ವಾರವಾರವೂ. “ನೀವು ಮೊದಲೇ ಯಾಕೆ ಹೇಳ್ಲಿಲ್ಲ ಅತ್ತಿಗೆ?” ಎಂದ. ಕೇಳಿದ ಕೂಡಲೇ ಆ ಪ್ರಶ್ನೆಯ ನೀಚತನ ಅವನಿಗೇ ಕೇಳಿಸಿತು.

“ವಾರದಲ್ಲಿ ಅವ್ರು ನಗ್ತಿದ್ದಿದ್ದು ಆ ಒಂದು ದಿನ,” ಎಂದಳು. “ಅದನ್ನ ನಾನು ಹೇಗೆ ಕಿತ್ಕೊಳ್ಳಿ?”

ಅಷ್ಟರಲ್ಲಿ ಒಳಗಿನಿಂದ ದನಿ ಬಂತು. “ಯಾರೇ, ಗಾಡಿಯವ್ರಾ?” ಅತ್ತಿಗೆ ಬಾಯಿಗೆ ಟವೆಲು ಒತ್ತಿಕೊಂಡಳು. ಅವನು ಒಂದು ಕ್ಷಣ ಮೆಟ್ಟಿಲ ಕಡೆಗೆ ನೋಡಿದ, ಬೆಕ್ಕಿನಂತೆ ಇಳಿದುಹೋಗಿಬಿಡಬಹುದಿತ್ತು, ಹಾಲಿನವನು ಬಂದಿದ್ದ ಎಂದು ಅವಳು ಹೇಳುತ್ತಿದ್ದಳು. ಆದರೆ ಕಾಲು ಕೋಣೆಯ ಕಡೆಗೆ ತಿರುಗಿತ್ತು. “ನಾನು ಕಣೋ,” ಎಂದ.

ಬಾಯ್ಲರ್ ಬೋರಲು ಮಲಗಿದ್ದ, ಮುಖ ಗೋಡೆಯ ಕಡೆಗೆ. ಅವನು ಹೀಗೆ ಮಲಗಿದ್ದನ್ನು ಎಂದೂ ನೋಡಿರಲಿಲ್ಲ. ಹೊದಿಕೆಯ ಕೆಳಗೆ ಒಣಗಿದ ಕಾಲುಗಳ ಎರಡು ಸಣ್ಣ ಏರುಗಳು, ಹಿಂದಲೆಯ ಕೂದಲು ಪೂರ್ತಿ ಬೆಳ್ಳಗೆ. ದನಿ ಕೇಳಿದ ಕೂಡಲೇ ಹಾಸಿಗೆಯ ಮೇಲೆ ಎರಡು ಕೈಗಳು ತಡಕಾಡಿದವು, ಭುಜಗಳು ನಡುಗುತ್ತ ಮೇಲೇಳಲು ನೋಡಿದವು. “ಏಯ್, ಎಲ್ಲಿದೀಯೇ, ಬಾ, ಕೂರ್ಸು ನನ್ನ. ಅಂಗಿ ಎಲ್ಲಿ? ಕೊಕ್ಕರೆ, ನೀನು ಹೊರಗಿರೋ, ಒಂದ್ನಿಮಿಷ. ಇವತ್ತೇನೋ ನಿನ್ನ ದಿನ ಅಲ್ಲ?” ಆ ಗಡಿಬಿಡಿಯ ದನಿ, ಬಟ್ಟೆಯಿಲ್ಲದೆ ಸಿಕ್ಕಿಬಿದ್ದವನ ದನಿ. ಅತ್ತಿಗೆ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವನು ಮಂಚಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿಗೆ ಅಡ್ಡಡ್ಡ ತೂರಿ ಹೋಗಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ನೆಲ ತಣ್ಣಗಿತ್ತು. ಒಂದು ಭುಜ ಗೋಡೆಗೆ ತಾಗುತ್ತಿತ್ತು, ಇನ್ನೊಂದು ಮಂಚದ ಕಾಲಿಗೆ. ಮೇಲೆ, ಹಾಸಿಗೆಯ ಅಂಚಿನಲ್ಲಿ, ಬಾಯ್ಲರ್‌ನ ಮುಖ ಅವನ ಮುಖದ ಮೇಲೆಯೇ ಬಾಗಿದಂತಿತ್ತು. ಕೆನ್ನೆಯ ಮೇಲೆ ದಿಂಬಿನ ಗೆರೆಗಳು, ಕ್ಷೌರವಿಲ್ಲದ ಗಡ್ಡ, ಜ್ವರದ ಕಣ್ಣುಗಳು. ಏಳಲು ನೋಡುತ್ತಿದ್ದ ಕೈಗಳು ನಿಂತವು.

“ಏನೋ, ಬಿದ್ದೋದ್ಯಾ?” ಎಂದ ಬಾಯ್ಲರ್.

“ಸುಸ್ತಾಯ್ತು ಕಣೋ, ನಿಮ್ಮನೆ ಮೆಟ್ಟಿಲು ಹತ್ತಿ. ಸ್ವಲ್ಪ ಹೊತ್ತು ಮಲಗ್ತೀನಿ. ನೀನೂ ಮಲಗಿರು.”

“ಪದಕ ಬಂದೋನು, ನೆಲದ ಮೇಲೆ.”

“ಪದಕಾನೂ ನೆಲದ ಮೇಲೇನೇ ಬಂದಿದ್ದು.”

ಬಾಯ್ಲರ್ ನಕ್ಕ, ನಕ್ಕದ್ದು ನೋವಾಗಿ ಹಲ್ಲು ಕಚ್ಚಿದ. ಇಷ್ಟು ಹತ್ತಿರದಲ್ಲಿ ಆ ಮುಖವನ್ನು ಅವನು ನೋಡಿರಲಿಲ್ಲ. ಹೊತ್ತು ತಂದ ದಿನ ಅದು ಅವನ ಬೆನ್ನ ಹಿಂದೆ ಇತ್ತು. ಮಾತು ನಾಲಿಗೆಯ ತುದಿಗೆ ಬಂತು, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಯಾವ ತಡೆಯೂ ಇಲ್ಲದೆ, ತಾನಾಗಿ. “ಬಾಯ್ಲರ್,” ಎಂದ, “ಅವತ್ತು ನಾನು ನಿನ್ನ ಎತ್ತಿದ್ನಲ್ಲ...”

“ಹೂಂ,” ಎಂದ ಬಾಯ್ಲರ್. ಆ ಜ್ವರದ ಕಣ್ಣುಗಳು ಅವನ ಮೇಲೆ ನೆಟ್ಟವು. ಅವುಗಳಲ್ಲಿ ಗೊತ್ತಿಲ್ಲದಿರುವಿಕೆ ಇತ್ತೋ, ಗೊತ್ತಿದ್ದೂ ಹೇಳಬೇಡ ಎನ್ನುವುದು ಇತ್ತೋ, ಅವನಿಗೆ ತಿಳಿಯಲಿಲ್ಲ. ಯಾವುದಾಗಿದ್ದರೂ ಒಂದೇ ಎಂಬುದು ಮಾತ್ರ ಥಟ್ಟನೆ ತಿಳಿಯಿತು. ತನ್ನನ್ನು ಉಳಿಸಿದ್ದು ಸಾರ್ಥಕವಾಯಿತು ಎಂದು ತೋರಿಸಲು ಈ ಮನುಷ್ಯ ತನ್ನ ಮಾಂಸವನ್ನು ಕೊಟ್ಟಿದ್ದ. ಆ ಎತ್ತಿದ್ದೇ ತಪ್ಪು ಎಂದುಬಿಟ್ಟರೆ ಆ ಮಾಂಸವೂ ವ್ಯರ್ಥವಾಗುತ್ತದೆ, ಇಷ್ಟು ವರ್ಷದ ಅಂಗಿ, ಬೂಟು, ಬೆವರು ಎಲ್ಲವೂ. ಹೇಳಬೇಕಾದ ಮಾತನ್ನು ಇನ್ನು ತಾನೊಬ್ಬನೇ ಇಟ್ಟುಕೊಳ್ಳಬೇಕು, ಕೊನೆಯವರೆಗೂ, ಉಗಿಯುವವರಿಲ್ಲದೆ, ಕ್ಷಮಿಸುವವರಿಲ್ಲದೆ.

“ಎತ್ತಿದ್ನಲ್ಲ, ಅವತ್ತು ನೀನು ಕೋಣದಷ್ಟು ಭಾರ ಇದ್ದೆ. ಅದನ್ನ ಹೇಳೋಣ ಅಂತ ಬಂದೆ.”

“ಇದನ್ನ ಹೇಳೋಕೆ ಬಸ್ಸು ಹತ್ತಿ ಬಂದ್ಯಾ?”

“ಹೂಂ.”

“ಈಗ ಹಗುರ ಆಗಿದೀನಿ,” ಎಂದ ಬಾಯ್ಲರ್. ಒಂದು ಕೈಯನ್ನು ಹಾಸಿಗೆಯಿಂದ ಇಳಿಬಿಟ್ಟ. ಅದು ಅವನ ಎದೆಯ ಮೇಲೆ ಬಂದು ಬಿತ್ತು, ಬಿಸಿಯಾಗಿ, ತೂಕವೇ ಇಲ್ಲದೆ. “ಕೊಕ್ಕರೆ, ತಪ್ಪು ತಿಳ್ಕೋಬೇಡ. ಕೂರೋಕೆ ಆಗ್ತಿಲ್ಲ ಕಣೋ ಇವತ್ತು.”

“ಯಾರು ಕೂರು ಅಂದ್ರು?”

ಬಾಯ್ಲರ್‌ನ ರೆಪ್ಪೆಗಳು ಇಳಿದವು. ಇಷ್ಟು ಹೊತ್ತೂ ಬಿಗಿಯಾಗಿ ಹಿಡಿದಿಟ್ಟುಕೊಂಡಿದ್ದ ಬಾಯಿಯ ಮೂಲೆಗಳು ಸಡಿಲಗೊಂಡು, ದವಡೆ ಜೋತುಬಿದ್ದು, ತುಟಿಯಿಂದ ಸಣ್ಣ ಎಳೆಯೊಂದು ದಿಂಬಿಗೆ ಇಳಿಯಿತು. ಅದು ನೆಟ್ಟಗೆ ಕೂತು ಮೋಸದ ಆಟ ಆಡುತ್ತಿದ್ದವನ ಮುಖವಾಗಿರಲಿಲ್ಲ. ಮುದುಕನದೊಂದು ಮುಖ, ಬಹಳ ದಣಿದದ್ದು, ಅವನಿಗೆ ಪರಿಚಯವೇ ಇಲ್ಲದ್ದು. ಅತ್ತಿಗೆ ಮೆಲ್ಲಗೆ ಹತ್ತಿರ ಬಂದು ಬಗ್ಗಿ ನೋಡಿದಳು.

“ನಿದ್ದೆ ಬಂತಾ?” ಎಂದು ಪಿಸುಗುಟ್ಟಿದಳು.

“ಹೂಂ.”

“ಏಳಿ ಮೇಲೆ. ನೆಲ ಥಂಡಿ.”

ಎದೆಯ ಮೇಲಿನ ಕೈ ಉಸಿರಿನೊಡನೆ ಏರಿ ಇಳಿಯುತ್ತಿತ್ತು. ಎದ್ದರೆ ಅದನ್ನು ಸರಿಸಬೇಕಾಗುತ್ತದೆ, ಸರಿಸಿದರೆ ಎಚ್ಚರವಾಗುತ್ತದೆ, ಎಚ್ಚರವಾದರೆ ಬಾಯ್ಲರ್ ಮತ್ತೆ ಎದ್ದು ಕೂರಲು ನೋಡುತ್ತಾನೆ. ಅವನು ಬೇಡವೆಂದು ತಲೆಯಾಡಿಸಿ, ಉಸಿರನ್ನು ಆದಷ್ಟು ಸಣ್ಣದು ಮಾಡಿಕೊಂಡು ಹಾಗೇ ಮಲಗಿದ್ದ. ಕೆಳಗೆ ಬೀದಿಯಲ್ಲಿ ಗಾಡಿಯೊಂದು ಹಿಂದಕ್ಕೆ ಬರುತ್ತ ನಿಲ್ಲುವ ಸದ್ದು ಕೇಳಿಸಿತು. ಅತ್ತಿಗೆ ಕಿಟಕಿಯತ್ತ ಹೋಗಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಕೆಳಗಿನವರಿಗೆ ಸ್ವಲ್ಪ ತಡೆಯಿರಿ ಎಂದು ಕೈಸನ್ನೆ ಮಾಡಿದಳು.